ಜಿಮ್ ಇಳಿಯದ ಊರು

ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದೆ. ಒಂದು, ಮೇಲಿನಿಂದ ಕೆಳಗೆ ಅಂಕುಡೊಂಕಾಗಿ ಇಳಿಯುವ ಮಿಸ್ಸಿಸ್ಸಿಪ್ಪಿ. ಇನ್ನೊಂದು, ಬಲಗಡೆಯಿಂದ ಬಂದು ಅದನ್ನು ಕೂಡಿಕೊಳ್ಳುವ ಓಹೈಯೋ. ಎರಡೂ ಕೂಡುವ ಜಾಗದಲ್ಲಿ ದಪ್ಪ ಚುಕ್ಕೆ ಇಟ್ಟು ‘ಕೈರೋ’ ಎಂದು ಬರೆದು, ಪಕ್ಕದಲ್ಲಿ ‘ಸ್ವಾತಂತ್ರ್ಯ’ ಎಂದು ಬರೆಯುತ್ತಿದ್ದೆ. ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಿದ್ದರು. ನಾನು ಹಾಗೇ ಅಂಕ ಕೊಡುತ್ತಿದ್ದೆ.

ಪುಸ್ತಕ, ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’. ಅಪ್ಪನ ಹೊಡೆತದಿಂದ ತಪ್ಪಿಸಿಕೊಂಡು ಬಂದ ಬಿಳಿಯ ಹುಡುಗ ಹಕ್, ತನ್ನನ್ನು ಮಾರಿಬಿಡುತ್ತಾರೆ ಎಂದು ಓಡಿಬಂದ ಕಪ್ಪು ಗುಲಾಮ ಜಿಮ್. ಇಬ್ಬರೂ ಒಂದು ತೆಪ್ಪದ ಮೇಲೆ ರಾತ್ರಿ ಹೊತ್ತು ಮಿಸ್ಸಿಸ್ಸಿಪ್ಪಿಯಲ್ಲಿ ಕೆಳಕ್ಕೆ ತೇಲುತ್ತ ಹೋಗುತ್ತಾರೆ. ಕೈರೋದಲ್ಲಿ ಇಳಿದು, ತೆಪ್ಪ ಮಾರಿ, ಸ್ಟೀಮರ್ ಹಿಡಿದು ಓಹೈಯೋ ನದಿಯಲ್ಲಿ ಮೇಲಕ್ಕೆ ಹೋದರೆ ಗುಲಾಮಗಿರಿ ಇಲ್ಲದ ರಾಜ್ಯಗಳು ಸಿಗುತ್ತವೆ ಎಂಬುದು ಅವರ ಯೋಜನೆ. ಆದರೆ ದಟ್ಟ ಮಂಜು ಕವಿದ ಒಂದು ರಾತ್ರಿ ಅವರಿಗೆ ಗೊತ್ತಾಗದಂತೆ ಆ ಊರು ದಾಟಿಹೋಗುತ್ತದೆ. ಬೆಳಗಾದಾಗ ದಡದ ಕಡೆ ಓಹೈಯೋದ ತಿಳಿನೀರು, ಆಚೆಗೆ ಮಿಸ್ಸಿಸ್ಸಿಪ್ಪಿಯ ಕೆಸರುನೀರು ಕಂಡು ಹಕ್‌ಗೆ ಎಲ್ಲ ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ತೆಪ್ಪ ಗುಲಾಮಗಿರಿಯ ಒಡಲಿಗೇ ಇಳಿಯುತ್ತ ಹೋಗುತ್ತದೆ.

ಹದಿನೆಂಟು ವರ್ಷ ಈ ಪಾಠ ಮಾಡಿದೆ. ಒಂದು ವರ್ಷ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಮೇಡಂ, ಅವ್ರು ಕೈರೋದಾಗ ಇಳದಿದ್ರ, ಜಿಮ್‌ಗ ಊರಾಗ ಇರಾಕ ಬಿಡ್ತಿದ್ರೇನ್ರೀ? ಇಲ್ಲಾ ಊರ ಹೊರಗ ಇಡ್ತಿದ್ರೋ?”

ಕ್ಲಾಸು ನಕ್ಕಿತು. ನಾನೂ ಸ್ವಲ್ಪ ನಕ್ಕಿರಬೇಕು. “ಕಾದಂಬರಿಯಲ್ಲಿ ಅದು ಬರೋದಿಲ್ಲಪ್ಪ, ಪರೀಕ್ಷೆಗೂ ಬರೋದಿಲ್ಲ. ಕೂತ್ಕೋ” ಅಂದೆ. ಅವನು ಕೂತ. ರಾಯಚೂರು ಕಡೆಯ ಹುಡುಗ, ದಲಿತ ಹಾಸ್ಟೆಲಿನಿಂದ ನಡೆದುಕೊಂಡು ಬರುತ್ತಿದ್ದ.

2022ರ ಅಕ್ಟೋಬರಿನಲ್ಲಿ ಮಗನ ಮನೆಗೆಂದು ಸೇಂಟ್ ಲೂಯಿಸ್‌ಗೆ ಹೋಗಿದ್ದೆ. ಒಂದು ಸಂಜೆ ನಕ್ಷೆ ನೋಡುತ್ತ ಕೂತಾಗ, ನಾನು ಬೋರ್ಡಿನ ಮೇಲೆ ಇಡುತ್ತಿದ್ದ ಆ ಚುಕ್ಕೆ ಅಲ್ಲಿಂದ ಎರಡೂವರೆ ಗಂಟೆಯ ದಾರಿ ಎಂದು ತಿಳಿಯಿತು. ಮಗನಿಗೆ ಹೇಳಿದೆ. “ಅವ್ವಾ, ಶಿಕಾಗೊ ಬಿಟ್ಟು ಅಲ್ಲಿ ನೋಡಾಕ ಏನೈತಿ? ಎಲ್ಲಾ ಪಾಳುಬಿದ್ದ ಊರಂತ” ಅಂದ. ಆದರೂ ಶನಿವಾರ ಬೆಳಿಗ್ಗೆ ಚಪಾತಿ ಕಟ್ಟಿಕೊಂಡು ಹೊರಟೆವು.

ದಾರಿಯುದ್ದಕ್ಕೂ ಕಟಾವಾದ ಜೋಳದ ಹೊಲ, ಸೋಯಾ ಹೊಲ. ದಕ್ಷಿಣ ಇಲಿನಾಯ್‌ನ ಈ ಭಾಗಕ್ಕೆ ‘ಲಿಟಲ್ ಈಜಿಪ್ಟ್’ ಎಂಬ ಹೆಸರಿದೆ. ಥೀಬ್ಸ್, ಕಾರ್ನಾಕ್ ಎಂಬ ಊರುಗಳಿವೆ. ನೈಲ್ ನದಿಯನ್ನು ಕನಸಿನಲ್ಲಿ ಕಂಡ ಯಾರೋ ವ್ಯಾಪಾರಿಗಳು ಇಟ್ಟ ಹೆಸರುಗಳು. ಹೆದ್ದಾರಿ ಬಿಟ್ಟು ಹಳೆಯ 51ನೇ ನಂಬರಿನ ರಸ್ತೆಗೆ ಇಳಿದ ಮೇಲೆ ಒಂದು ಪುಟ್ಟ ವಸತಿ ಸಿಕ್ಕಿತು. ಚದುರಿದ ಕೆಲವು ಮನೆಗಳು, ಒಂದು ಚರ್ಚು. ಹೆಸರು ಫ್ಯೂಚರ್ ಸಿಟಿ, ಅಂದರೆ ಭವಿಷ್ಯದ ಪಟ್ಟಣ. ಅದನ್ನು ದಾಟಿದ ಕೂಡಲೇ ರೈಲುಹಳಿಯ ಕೆಳಗೆ ಒಂದು ಇಕ್ಕಟ್ಟಾದ ದಾರಿ. ಅದರ ಮೇಲೆ ಎತ್ತಿ ನಿಲ್ಲಿಸಿದ ಭಾರೀ ಉಕ್ಕಿನ ಗೇಟು. ನೆರೆ ಬಂದಾಗ ಅದನ್ನು ಇಳಿಸುತ್ತಾರೆ. ಎರಡೂ ನದಿಗಳ ಕಡೆ ಏರಿ, ಉತ್ತರಕ್ಕೆ ಈ ಗೇಟು. ಇಳಿಸಿಬಿಟ್ಟರೆ ಊರು ಒಂದು ಬೋಗುಣಿಯಂತಾಗುತ್ತದೆ, ಸುತ್ತ ನೀರು, ಒಳಗೆ ಒಣನೆಲ.

ಗೇಟಿನ ಕೆಳಗೆ ಹಾಯುವಾಗ ನಾನು ಇಷ್ಟೇ ನೋಡಿದೆ. ಫ್ಯೂಚರ್ ಸಿಟಿ ಕಪ್ಪು ಜನರ ವಸತಿಯೆಂದೂ ಅದು ಇರುವುದು ಗೇಟಿನ ಹೊರಗೆಂದೂ ಹೊಳೆದಿದ್ದು ಅಂದು ರಾತ್ರಿ.

ಊರಿನೊಳಗೆ ಹೋದರೆ ಮೊದಲು ಕಾಣುವುದು ಅಗಲ. ರಸ್ತೆಗಳು ದೊಡ್ಡ ಶಹರದ ರಸ್ತೆಗಳಷ್ಟು ಅಗಲ, ಓಡಾಡುವವರು ಯಾರೂ ಇಲ್ಲ. ಕಮರ್ಷಿಯಲ್ ಅವೆನ್ಯೂ ಎಂಬ ಹಳೆಯ ಪೇಟೆಬೀದಿಯಲ್ಲಿ ಒಂದು ಕಾಲಕ್ಕೆ ಅಂಗಡಿಗಳು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದವು. ಈಗ ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗ, ಹುಲ್ಲು. ಉಳಿದ ಕಟ್ಟಡಗಳಲ್ಲಿ ಕೆಲವಕ್ಕೆ ಮಾಡಿಲ್ಲ, ಮೊದಲ ಮಹಡಿಯ ಕಿಟಕಿಯಿಂದ ಆಕಾಶ ಕಾಣುತ್ತದೆ. ಆದರೆ ಎರಡು ಬೀದಿ ಆಚೆ ಹೋದರೆ ಮ್ಯಾಗ್ನೋಲಿಯಾ ಮರಗಳ ನೆರಳಿನಲ್ಲಿ ಅರಮನೆಯಂಥ ಮನೆಗಳು, 1884ರಲ್ಲಿ ಕಟ್ಟಿದ ಒಂದು ಕೆಂಪು ಇಟ್ಟಿಗೆಯ ಗ್ರಂಥಾಲಯ. ಮೇಷ್ಟರಾದವರಿಗೆ ಅಪರಿಚಿತ ಊರಿನಲ್ಲಿ ಗ್ರಂಥಾಲಯ ಕಂಡರೆ ಧೈರ್ಯ. ಒಳಗೆ ಹೋದೆವು.

ಅಲ್ಲಿದ್ದವರು ಎಪ್ಪತ್ತು ದಾಟಿದ ಕಪ್ಪು ಮಹಿಳೆ. ನಾನು, “ಕೈರೋದ ಚರಿತ್ರೆಯ ಪುಸ್ತಕ ಇದೆಯೇ?” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ಕೈರೋ ಈಜಿಪ್ಟಿನಲ್ಲಿದೆ. ಇದು ಕೇರೋ” ಎಂದರು. ಮಗ ಮುಖ ತಿರುಗಿಸಿ ನಕ್ಕ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹದಿನೆಂಟು ಬ್ಯಾಚು, ಎಷ್ಟು ಮಕ್ಕಳಿಗೆ ಊರಿನ ಹೆಸರನ್ನೇ ತಪ್ಪು ಹೇಳಿಕೊಟ್ಟೆ ಎಂದು.

ಅವರು ತೆಗೆದುಕೊಟ್ಟ ಪುಸ್ತಕ, ಕಡತಗಳ ಮುಂದೆ ಮೂರು ಗಂಟೆ ಕೂತೆ. ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ಉಳಿದಷ್ಟೂ ದಿನ ಓದಿದೆ. ಓದಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಎರಡು ಮಹಾನದಿಗಳು ಕೂಡುವ ಜಾಗದಲ್ಲಿ ಮಹಾನಗರ ಎದ್ದೇ ಏಳುತ್ತದೆ ಎಂದು ನಕ್ಷೆ ನೋಡಿದವರಿಗೆಲ್ಲ ಅನಿಸುತ್ತಿತ್ತು. ನೆಲ ನೋಡಿದವರಿಗೆ ಹಾಗೆ ಅನಿಸುತ್ತಿರಲಿಲ್ಲ, ಅದು ಜವುಗು. 1818ರಲ್ಲೇ ಒಂದು ಕಂಪನಿ ಊರು ಕಟ್ಟಲು ಸನದು ಪಡೆದು ಸೋತಿತು. 1837ರಲ್ಲಿ ಇನ್ನೊಂದು ಕಂಪನಿ ಲಂಡನ್ನಿನವರೆಗೂ ಹೋಗಿ ಬಾಂಡು ಮಾರಿ ಹಣ ಎತ್ತಿತು, ಅದೂ ಕೆಲವೇ ವರ್ಷಗಳಲ್ಲಿ ಮುಳುಗಿತು. 1842ರಲ್ಲಿ ಸ್ಟೀಮರಿನಲ್ಲಿ ಈ ದಾರಿಯಾಗಿ ಹೋದ ಚಾರ್ಲ್ಸ್ ಡಿಕನ್ಸ್ ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಈ ಜಾಗವನ್ನು ಮನಸಾರೆ ಬೈದ. ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಬರುವ, ಕಾಗದದ ಮೇಲೆ ಮಾತ್ರ ಚೆಂದವಾಗಿದ್ದು ನಿಜದಲ್ಲಿ ಜ್ವರದ ಕೊಂಪೆಯಾದ ‘ಈಡನ್’ ಎಂಬ ಊರಿಗೂ ಇದೇ ಮಾದರಿ ಎನ್ನುತ್ತಾರೆ. 1850ರ ಜನಗಣತಿಯಲ್ಲಿ ಇಲ್ಲಿದ್ದವರು 242 ಜನ.

ಊರು ಬೆಳೆದದ್ದು ಇಲಿನಾಯ್ ಸೆಂಟ್ರಲ್ ರೈಲು ಬಂದ ಮೇಲೆ, ಅದಕ್ಕಿಂತ ಹೆಚ್ಚಾಗಿ ಯುದ್ಧ ಬಂದ ಮೇಲೆ. 1861ರ ಸೆಪ್ಟೆಂಬರಿನಲ್ಲಿ ಜನರಲ್ ಗ್ರಾಂಟ್ ಇಲ್ಲಿಗೆ ಬಂದು ಬಿಡಾರ ಹೂಡಿದ. ಒಕ್ಕೂಟದ ಸೈನ್ಯ ದಕ್ಷಿಣಕ್ಕೆ ಇಳಿದದ್ದು ಈ ಮೂಲೆಯಿಂದ. ಸೈನ್ಯ ಕೆಳಕ್ಕೆ ಹೋದಂತೆ ಜನ ಮೇಲಕ್ಕೆ ಬಂದರು. ತೋಟಗಳಿಂದ ಬಿಡಿಸಿಕೊಂಡು ಬಂದ ಸಾವಿರಾರು ಗುಲಾಮರು, ಮಕ್ಕಳು ಮರಿ ಕಟ್ಟಿಕೊಂಡು. ಜಿಮ್ ಇಳಿಯಲಾಗದ ದಡಕ್ಕೆ ನಿಜವಾದ ಜಿಮ್‌ಗಳು ಬಂದಿಳಿದದ್ದು ಹೀಗೆ. ಬಹಳಷ್ಟು ಜನ ಮುಂದೆ ಹೋದರು. ಉಳಿದವರು ಊರಿನ ಹಡಗುಕಟ್ಟೆಗಳಲ್ಲಿ, ಮರದ ಕಾರ್ಖಾನೆಗಳಲ್ಲಿ ಕೆಲಸ ಹಿಡಿದರು. 1900ರ ಹೊತ್ತಿಗೆ ಊರಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಪ್ಪು ಜನ.

ಇಲ್ಲಿ ನಾನು ಓದನ್ನು ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ. ಪಾಠದಲ್ಲಿ ನಾನೆಂದೂ ಕೇಳಿಕೊಳ್ಳದ ಒಂದು ಸರಳ ಪ್ರಶ್ನೆ ತಲೆಯಲ್ಲಿತ್ತು. ಕಾದಂಬರಿಯ ಊರು ಮಿಸ್ಸೌರಿಯಲ್ಲಿದೆ. ಎದುರು ದಡವೇ ಇಲಿನಾಯ್, ಗುಲಾಮಗಿರಿ ಇಲ್ಲದ ರಾಜ್ಯ. ಜಿಮ್ ಒಂದು ರಾತ್ರಿ ನದಿ ದಾಟಿದ್ದರೆ ಸಾಕಿತ್ತಲ್ಲ? ನೂರಾರು ಮೈಲಿ ಕೆಳಕ್ಕೆ ತೇಲಿ, ಕೇರೋದಲ್ಲಿ ಹಡಗು ಬದಲಿಸಿ, ಮತ್ತೆ ಮೇಲಕ್ಕೆ ಹೋಗುವ ಗೋಳು ಯಾಕೆ?

ಉತ್ತರ ಇಲಿನಾಯ್‌ನ ಕಾನೂನಿನಲ್ಲಿದೆ. 1819ರ ಕಾನೂನಿನ ಪ್ರಕಾರ ಕಪ್ಪು ಮನುಷ್ಯ ತಾನು ಸ್ವತಂತ್ರನೆಂಬ ಪ್ರಮಾಣಪತ್ರ ಹೊಂದಿರಬೇಕು. ಇಲ್ಲದಿದ್ದರೆ ಓಡಿಬಂದ ಗುಲಾಮ ಎಂದೇ ಹಿಡಿಯಬಹುದು. 1853ರ ಕಾನೂನು ಇನ್ನೂ ಮುಂದೆ ಹೋಯಿತು. ಹೊರಗಿನಿಂದ ಬಂದ ಕಪ್ಪು ಮನುಷ್ಯ, ಸ್ವತಂತ್ರನೇ ಆಗಿದ್ದರೂ, ಹತ್ತು ದಿನಕ್ಕಿಂತ ಹೆಚ್ಚು ಇದ್ದರೆ 50 ಡಾಲರ್ ದಂಡ. ಕಟ್ಟಲಾಗದಿದ್ದರೆ ಅವನ ದುಡಿಮೆಯನ್ನು ಹರಾಜು ಹಾಕುವುದು. ಈ ಕಾನೂನು ರದ್ದಾದದ್ದು 1865ರಲ್ಲಿ. ಟ್ವೇನ್‌ಗೆ ಆ ದಡ ಗೊತ್ತಿತ್ತು. ಅದಕ್ಕೇ ಅವನ ಯೋಜನೆಯಲ್ಲಿ ಕೇರೋ ಹಡಗು ಬದಲಿಸುವ ಜಾಗ ಮಾತ್ರ, ತಂಗುವ ಜಾಗವಲ್ಲ. ಅದರ ಪಕ್ಕದಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದವಳು ನಾನು.

ಹಿಂದಿನ ಬೆಂಚಿನ ಹುಡುಗ ಆಗ ನೆನಪಾದ. ‘ಇರಾಕ ಬಿಡ್ತಿದ್ರೇನ್ರೀ?’

ಮುಂದಿನದ್ದು ಹೇಳಲು ಕಷ್ಟ. 1909ರ ನವೆಂಬರ್ 11ರ ರಾತ್ರಿ, ಬಿಳಿಯ ಯುವತಿಯೊಬ್ಬಳ ಕೊಲೆಯ ಆರೋಪದ ಮೇಲೆ ಬಂಧಿತನಾಗಿದ್ದ ವಿಲಿಯಂ ಜೇಮ್ಸ್ ಎಂಬ ಕಪ್ಪು ಯುವಕನನ್ನು ಜನ ಶೆರಿಫ್‌ನ ಕೈಯಿಂದ ಕಿತ್ತುಕೊಂಡು ಬಂದರು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಪೇಟೆಯ ನಡುವೆ, ಅಲಂಕಾರಕ್ಕೆಂದು ದೀಪ ಹಾಕಿದ್ದ ಕಮಾನಿಗೆ ನೇತುಹಾಕಿದರು. ಹಗ್ಗ ಹರಿಯಿತು, ಗುಂಡು ಹೊಡೆದರು. ಸಾವಿರಾರು ಜನ ಸೇರಿದ್ದರು, ಹೆಂಗಸರೂ ಇದ್ದರು. ಆ ಕಮಾನಿನ ಚಿತ್ರವನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ಶಿಕಾಗೊದಿಂದ ಪತ್ರಕರ್ತೆ ಐಡಾ ಬಿ. ವೆಲ್ಸ್ ಬಂದು ಮನೆಮನೆಗೆ ತಿರುಗಿ ವಿಚಾರಿಸಿದರು. ಊರಿನ ಕೆಲವು ಕಪ್ಪು ಮುಖಂಡರೇ ಶೆರಿಫ್ ಒಳ್ಳೆಯವನೆಂದು ಪತ್ರ ಬರೆದುಕೊಟ್ಟಿದ್ದರು. ನಾಳೆಯೂ ಅದೇ ಊರಿನಲ್ಲಿ ಬಾಳಬೇಕಾದವರು ಅವರು. ವೆಲ್ಸ್ ರಾಜಧಾನಿಗೆ ಹೋಗಿ ಗವರ್ನರ್ ಮುಂದೆ ವಾದಿಸಿದರು. ಕೆಲಸ ಕಳೆದುಕೊಂಡಿದ್ದ ಶೆರಿಫ್‌ನನ್ನು ಮತ್ತೆ ನೇಮಿಸಲು ಗವರ್ನರ್ ಒಪ್ಪಲಿಲ್ಲ.

ಇದಾದ ಮೇಲೆ ಊರು ಖಾಲಿಯಾಯಿತೇ? ಇಲ್ಲ. 1910ರಲ್ಲಿ 14,548, 1920ರಲ್ಲಿ 15,203. ಕೇರೋದ ಜನಸಂಖ್ಯೆ ಶಿಖರ ಮುಟ್ಟಿದ್ದೇ ಆಗ. ಜನಗಣತಿಯ ಪಟ್ಟಿ ನೋಡಿದರೆ ಆ ರಾತ್ರಿ ನಡೆದೇ ಇಲ್ಲ. ಸಂಖ್ಯೆಗಳ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಇಲ್ಲಿ.

ಆಮೇಲಿನ ಇಳಿತಕ್ಕೆ ಎಲ್ಲರೂ ಕೊಡುವ ಕಾರಣಗಳಿವೆ, ಅವು ಸುಳ್ಳೂ ಅಲ್ಲ. ಮೊದಲು ರೈಲಿನ ಡಬ್ಬಿಗಳನ್ನು ದೋಣಿಯ ಮೇಲೆ ಹೇರಿ ಓಹೈಯೋ ದಾಟಿಸುತ್ತಿದ್ದರು, ನೂರಾರು ಜನಕ್ಕೆ ಅದೇ ಅನ್ನ. 1889ರಲ್ಲಿ ರೈಲುಸೇತುವೆಯಾಯಿತು, ದೋಣಿಯ ಕೆಲಸ ಹೋಯಿತು. 1905ರಲ್ಲಿ ಮೇಲುಗಡೆ ಥೀಬ್ಸ್‌ನಲ್ಲಿ ಇನ್ನೊಂದು ಸೇತುವೆಯಾಗಿ ರೈಲುಗಳು ಆ ಕಡೆ ತಿರುಗಿದವು. ಸ್ಟೀಮರುಗಳ ಕಾಲ ಮುಗಿಯಿತು. ಕೊನೆಗೆ ದೊಡ್ಡ ಹೆದ್ದಾರಿ ಊರಿಗೆ ಬರದೆ ಪಕ್ಕದಲ್ಲೇ ಹಾದುಹೋಯಿತು. ಎಲ್ಲ ಸರಿ. ಆದರೆ ಸುತ್ತಲಿನ ಬೇರೆ ನದಿಯೂರುಗಳಿಗೂ ಸ್ಟೀಮರು ನಿಂತಿತ್ತಲ್ಲ? ಓಹೈಯೋದ ಮೇಲಿರುವ ಪಡೂಕಾದಲ್ಲಿ ಇಂದಿಗೂ 27 ಸಾವಿರ ಜನರಿದ್ದಾರೆ. 1900ರಲ್ಲಿ ಕೇರೋದ ಅರ್ಧದಷ್ಟೂ ಇಲ್ಲದ ಕೇಪ್ ಜಿರಾರ್ಡೋ ಈಗ ಸುಮಾರು 40 ಸಾವಿರ ಜನರ ಪಟ್ಟಣ.

ಗ್ರಂಥಾಲಯದ ಆ ಹಿರಿಯರನ್ನು ಇದನ್ನೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ. “ನಿನಗೆ ಈಜು ಬರುತ್ತದೆಯೇ?” ಎಂದು ಕೇಳಿದರು. ಇಲ್ಲ ಎಂದೆ. “ನನಗೂ ಬರುವುದಿಲ್ಲ. ಎರಡು ನದಿಗಳ ನಡುವೆ ಹುಟ್ಟಿದ್ದೇನೆ” ಎಂದರು.

ಊರಿಗೊಂದು ಈಜುಕೊಳವಿತ್ತು. ಬಿಳಿಯರಿಗೆ ಮಾತ್ರ. ಕಾನೂನು ಅಡ್ಡ ಬರದಿರಲೆಂದು ಅದು ಸದಸ್ಯರ ಖಾಸಗಿ ಕ್ಲಬ್ ಎಂದು ಹೇಳಿಕೊಳ್ಳುತ್ತಿದ್ದರು. ಕಪ್ಪು ಮಕ್ಕಳು ಈಜಲು ನದಿಗೆ ಹೋಗಬೇಕು, ಅಂಥ ನದಿಗೆ. 1962ರ ಬೇಸಿಗೆಯಲ್ಲಿ ಊರಿನ ಹುಡುಗ ಹುಡುಗಿಯರು ಚಳವಳಿ ಹೂಡಿದರು. ಮುಂದೆ ಸಂಸದರಾಗಿ ಹೆಸರಾದ ಜಾನ್ ಲೂಯಿಸ್ ಆಗ ಇಪ್ಪತ್ತೆರಡರ ಯುವಕ, ಅವರೂ ಬಂದಿದ್ದರು. ಈಜುಕೊಳದ ಮುಂದಿನ ನೆಲದ ಮೇಲೆ ಅವರೆಲ್ಲ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿರುವುದನ್ನು ಡ್ಯಾನಿ ಲಯನ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರ ವಿದ್ಯಾರ್ಥಿ ಚಳವಳಿಯ ಪೋಸ್ಟರ್ ಆಯಿತು. ಆ ಚಿತ್ರವನ್ನು ನಾನು ಮೊದಲೇ ಎಲ್ಲೋ ನೋಡಿದ್ದೆ, ಅದು ಕೇರೋ ಎಂದು ತಿಳಿದಿರಲಿಲ್ಲ. ಮರುವರ್ಷ ಏನಾಯಿತು? ಎಲ್ಲರಿಗೂ ಬಾಗಿಲು ತೆರೆಯುವ ಬದಲು ಈಜುಕೊಳವನ್ನೇ ಮುಚ್ಚಿದರು. ಆಮೇಲೆ ಅದಕ್ಕೆ ಸಿಮೆಂಟು ತುಂಬಿದರು. ಬಿಳಿಯ ಮಕ್ಕಳಿಗೂ ಈಜು ಇಲ್ಲವಾಯಿತು.

ಉಳಿದದ್ದೂ ಇದೇ ಕಥೆ. 1967ರ ಜುಲೈನಲ್ಲಿ, ರಜೆಯ ಮೇಲೆ ಬಂದಿದ್ದ ಹತ್ತೊಂಬತ್ತು ವರ್ಷದ ಕಪ್ಪು ಸೈನಿಕ ರಾಬರ್ಟ್ ಹಂಟ್ ಠಾಣೆಯ ಸೆರೆಕೋಣೆಯಲ್ಲಿ ನೇತಾಡುತ್ತಿದ್ದ. ಆತ್ಮಹತ್ಯೆ ಎಂದರು ಪೊಲೀಸರು. ಕಪ್ಪು ಜನ ನಂಬಲಿಲ್ಲ, ಊರು ಹೊತ್ತಿಕೊಂಡಿತು. ಬಿಳಿಯರು ‘ಬಿಳಿ ಟೋಪಿ’ಯ ಕಾವಲುಪಡೆ ಕಟ್ಟಿಕೊಂಡು ಬಂದೂಕು ಹಿಡಿದು ತಿರುಗಿದರು. 1969ರಲ್ಲಿ ಚಾರ್ಲ್ಸ್ ಕೋಯೆನ್ ಎಂಬ ಯುವ ಪಾದ್ರಿಯ ಮುಂದಾಳತ್ವದಲ್ಲಿ ‘ಯುನೈಟೆಡ್ ಫ್ರಂಟ್’ ಹುಟ್ಟಿತು. ಅವರ ಬೇಡಿಕೆ ಸರಳ: ನಮ್ಮ ದುಡ್ಡು ತೆಗೆದುಕೊಳ್ಳುವ ಅಂಗಡಿಯಲ್ಲಿ ನಮ್ಮವರಿಗೂ ಕೆಲಸ ಕೊಡಿ. ಕೊಡುವವರೆಗೆ ನಾವು ಕೊಳ್ಳುವುದಿಲ್ಲ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ರಾತ್ರಿಗಳಲ್ಲಿ ಗುಂಡಿನ ಸದ್ದು. ಅಂಗಡಿಯವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಕಪ್ಪು ಹುಡುಗಿಯನ್ನು ಗಲ್ಲೆಯ ಹಿಂದೆ ನಿಲ್ಲಿಸುವುದಕ್ಕಿಂತ ಅಂಗಡಿಯನ್ನೇ ಮುಚ್ಚುವುದು ಕೆಲವರಿಗೆ ಸುಲಭವೆನಿಸಿತು. 1960ರಲ್ಲಿ 9,348 ಇದ್ದ ಜನ 1970ರಲ್ಲಿ 6,277. ನಾನು ಬೆಳಿಗ್ಗೆ ನೋಡಿದ ಹಲ್ಲುಬಿದ್ದ ಪೇಟೆ ಬರೀ ನದಿಯ, ರೈಲಿನ ಕೆಲಸವಲ್ಲ.

ಇದನ್ನು ಓದಿ ‘ಅಮೆರಿಕದವರು ಎಂಥವರು!’ ಎಂದು ನಾನು ಉದ್ಗಾರ ತೆಗೆಯಬಹುದಿತ್ತು. ಬಾಯಿ ಬರಲಿಲ್ಲ. ನಮ್ಮ ಅಜ್ಜನ ಹಿತ್ತಲಿನಲ್ಲಿ ಒಂದು ಸಿಹಿನೀರಿನ ಬಾವಿಯಿತ್ತು. ಬೇಸಿಗೆಯಲ್ಲಿ ಕೇರಿಯ ಹೆಂಗಸರು ಕೊಡ ಹಿಡಿದುಕೊಂಡು ಬೇಲಿಯ ಆಚೆ ನಿಲ್ಲುತ್ತಿದ್ದರು, ನಮ್ಮ ಆಳು ಮೇಲಿಂದ ಸುರಿಯುತ್ತಿದ್ದ. ಅವನಿಗೆ ಬಿಡುವಿಲ್ಲದ ದಿನ ಅವರು ಮಧ್ಯಾಹ್ನದವರೆಗೂ ನಿಂತಿರುತ್ತಿದ್ದರು. ಶಾಲೆಯಿಂದ ಬಂದ ನಾನು ಅವರ ಎದುರೇ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದೆ. ಅದು ನನಗೆ ವಿಚಿತ್ರ ಎನಿಸಿರಲೇ ಇಲ್ಲ. ಆ ಹುಡುಗ ‘ಊರ ಹೊರಗ’ ಎಂದಾಗ ನನಗೆ ನಗು ಬಂದದ್ದೂ ಅದಕ್ಕೇ ಇರಬೇಕು. ಅವನು ಕೇಳಿದ್ದು ಅವನಿಗೆ ಗೊತ್ತಿದ್ದ ಊರಿನ ಪ್ರಶ್ನೆ. ನಾನು ಬೋರ್ಡಿನ ಮೇಲಿಟ್ಟ ಚುಕ್ಕೆಗೆ ಹೊರಗು ಒಳಗು ಇರಲಿಲ್ಲ.

ಮಧ್ಯಾಹ್ನ ಏರಿಯ ಮೇಲೆ ಹತ್ತಿ ನೋಡಿದೆವು. ಇಲ್ಲಿಯ ಜನ ನದಿಯ ಮಟ್ಟವನ್ನು ನಾವು ಮಳೆಯ ಸುದ್ದಿ ಕೇಳಿದಂತೆ ಕೇಳುತ್ತಾರೆ. ಅಳತೆಗೋಲಿನಲ್ಲಿ 40 ಅಡಿ ದಾಟಿದರೆ ನೆರೆ ಎಂದು ಲೆಕ್ಕ. ಊರಿನ ತಡೆಗೋಡೆ 64 ಅಡಿಯವರೆಗೆ. 2011ರ ಮೇ 2ರಂದು ನೀರು 61 ಅಡಿಯ ಮೇಲೆ ಬಂತು. ಊರು ಬಿಡಿ ಎಂದು ಆದೇಶವಾಗಿತ್ತು. ಅಂದು ರಾತ್ರಿ ಸೈನ್ಯದ ಎಂಜಿನಿಯರುಗಳು ಎದುರು ದಡದಲ್ಲಿ, ಮಿಸ್ಸೌರಿಯ ಬರ್ಡ್ಸ್ ಪಾಯಿಂಟ್‌ನ ಏರಿಯನ್ನು ಸಿಡಿಮದ್ದಿನಿಂದ ಒಡೆದರು. ಇದು 1937ರಲ್ಲೂ ಆಗಿತ್ತು, ನೆರೆ ಹೆಚ್ಚಾದರೆ ನೀರು ಬಿಡಲೆಂದೇ ಗುರುತಿಸಿಟ್ಟ ಬಯಲು ಅದು. ಸುಮಾರು 1,30,000 ಎಕರೆ ಹೊಲ ಮುಳುಗಿತು, ಕೇರೋ ಉಳಿಯಿತು. ಒಡೆಯುವ ಮುಂಚೆ, ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಎಂದು ಯಾರೋ ಕೇಳಿದ್ದಕ್ಕೆ ಮಿಸ್ಸೌರಿಯ ವಿಧಾನಸಭೆಯ ಸ್ಪೀಕರ್ ಕೇರೋ ಮುಳುಗಲಿ ಎಂದಿದ್ದ. ಆಮೇಲೆ ಕ್ಷಮೆ ಕೇಳಿದ.

ಆದರೆ ಆ ಬಯಲಿನಲ್ಲಿ ಹೊಲಗಳಷ್ಟೇ ಇರಲಿಲ್ಲ. ಪಿನ್‌ಹುಕ್ ಎಂಬ ಪುಟ್ಟ ಹಳ್ಳಿಯಿತ್ತು. ಬೇರೆ ಕಡೆ ಭೂಮಿ ಸಿಗದ ಕಪ್ಪು ರೈತರು ಅಲ್ಲಿ ಹೊಲ ಕೊಂಡು ಕಟ್ಟಿಕೊಂಡ ಊರು. ಆ ರಾತ್ರಿ ಅದು ಇಡಿಯಾಗಿ ನೀರಿನಡಿ ಹೋಯಿತು, ಮತ್ತೆ ಅಲ್ಲಿ ಏಳಲಿಲ್ಲ. ಕೇರೋದಲ್ಲಿ ಆಗ ಹತ್ತರಲ್ಲಿ ಏಳು ಜನ ಕಪ್ಪು ಜನ. ಅವರ ಊರು ಉಳಿಯಿತು, ಅವರಂಥವರದೇ ಇನ್ನೊಂದು ಊರು ಹೋಯಿತು. ಇದಕ್ಕೆ ಏನು ಹೇಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನದಿಯಿಂದ ಉಳಿದ ಊರು ಆರು ವರ್ಷಕ್ಕೆ ಇನ್ನೊಂದು ಪೆಟ್ಟು ತಿಂದಿತು. 1940ರ ದಶಕದ ಎರಡು ಸರ್ಕಾರಿ ವಸತಿ ಸಮುಚ್ಚಯಗಳು, ಎಲ್ಮ್‌ವುಡ್ ಮತ್ತು ಮೆಕ್‌ಬ್ರೈಡ್, ಇಲಿ, ಹುಳ, ಕೆಟ್ಟ ಬಾಯ್ಲರುಗಳಿಂದ ವಾಸಕ್ಕೆ ಯೋಗ್ಯವಲ್ಲದ ಸ್ಥಿತಿಗೆ ಬಂದಿದ್ದವು. ರಿಪೇರಿ ಮಾಡುವುದಿಲ್ಲ, ಮುಚ್ಚುತ್ತೇವೆ ಎಂದು 2017ರಲ್ಲಿ ಒಕ್ಕೂಟ ಸರ್ಕಾರದ ವಸತಿ ಇಲಾಖೆ ಹೇಳಿತು. ಸುಮಾರು 400 ಜನ, ಅರ್ಧದಷ್ಟು ಮಕ್ಕಳು. ಬೇರೆಡೆ ಬಾಡಿಗೆಗೆ ಚೀಟಿ ಕೊಟ್ಟರು. ಕೇರೋದಲ್ಲಿ ಬಾಡಿಗೆಗೆ ಮನೆಗಳೇ ಇಲ್ಲ, ಆದ್ದರಿಂದ ಊರು ಬಿಟ್ಟು ಹೋಗಬೇಕು. ಮಕ್ಕಳು ಶಾಲೆಯ ನಡುವೆ ಹೋದರು. 2010ರಲ್ಲಿ 2,831 ಇದ್ದವರು 2020ರ ಜನಗಣತಿಯಲ್ಲಿ 1,733. ಹತ್ತು ವರ್ಷದಲ್ಲಿ ಹತ್ತರಲ್ಲಿ ನಾಲ್ಕು ಜನ ಇಲ್ಲವಾದರು. ಊರಿನ ಒಂದೇ ದಿನಸಿ ಮಳಿಗೆ 2015ರಲ್ಲಿ ಮುಚ್ಚಿತ್ತು. ನಾವು ಹೋದಾಗ ಒಂದು ತಾಜಾ ಟೊಮೆಟೊ ಕೊಳ್ಳಬೇಕೆಂದರೂ ನದಿ ದಾಟಿ ಬೇರೆ ರಾಜ್ಯಕ್ಕೆ ಹೋಗಬೇಕಿತ್ತು.

‘ಜನ ಬಿಟ್ಟು ಹೋದ ಊರು’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಬಿಟ್ಟು ಹೋಗುವುದು ಬೇರೆ, ಬಿಡಿಸುವುದು ಬೇರೆ. ಜನಗಣತಿಯಲ್ಲಿ ಎರಡಕ್ಕೂ ಒಂದೇ ಕಾಲಮ್ಮು.

ಹೊರಡುವ ಮುಂಚೆ ಗ್ರಂಥಾಲಯದ ಹಿರಿಯರಿಗೆ ಧನ್ಯವಾದ ಹೇಳಲು ಮತ್ತೆ ಹೋದೆ. ಅವರ ಮಕ್ಕಳು ಸೇಂಟ್ ಲೂಯಿಸ್‌ನಲ್ಲೂ ಮೆಂಫಿಸ್‌ನಲ್ಲೂ ಇದ್ದಾರಂತೆ, ಕರೆಯುತ್ತಾರಂತೆ. ನೀವೇಕೆ ಹೋಗಲಿಲ್ಲ ಎಂದು ಕೇಳಬಾರದಿತ್ತು, ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ನಾನು ಚಿಕ್ಕವಳಿದ್ದಾಗ ಈ ಊರಿನಲ್ಲಿ ನಡೆಯಬಾರದ ಬೀದಿಗಳಿದ್ದವು. ಈಗ ಎಲ್ಲ ಬೀದಿಯಲ್ಲೂ ನಡೆಯುತ್ತೇನೆ. ನಡೆಯಲು ಬಿಟ್ಟ ಮೇಲೆ ಹೋಗಲೇ?” ಎಂದರು.

ಕೊನೆಗೆ ಊರಿನ ತುದಿಗೆ, ಡಿಫೈಯನ್ಸ್ ಕೋಟೆಯಿದ್ದ ಜಾಗಕ್ಕೆ ಹೋದೆವು. ನನ್ನ ಬೋರ್ಡಿನ ಚುಕ್ಕೆ ಅದೇ. ಆ ತಿಂಗಳು ಮಿಸ್ಸಿಸ್ಸಿಪ್ಪಿಯಲ್ಲಿ ನೀರು ತೀರ ಕಡಿಮೆ. ಮೆಂಫಿಸ್‌ನಲ್ಲಿ ಹಿಂದೆಂದೂ ಕಾಣದಷ್ಟು ಕೆಳಗೆ ಇಳಿದಿತ್ತು. ಸರಕು ತುಂಬಿದ ಬಾರ್ಜುಗಳು ದಡದಲ್ಲಿ ಸಾಲಾಗಿ ಕಾಯುತ್ತಿದ್ದವು. ಮರಳದಿಬ್ಬದ ಮೇಲೆ ನಡೆದು ನೀರಿನ ಅಂಚಿಗೆ ಹೋದೆ. ಬಲಗಡೆ ಕಂದು ಮಿಸ್ಸಿಸ್ಸಿಪ್ಪಿ, ಎಡಗಡೆ ಹಸಿರು ಬೆರೆತ ಓಹೈಯೋ. ಹೆಸರು ಮಿಸ್ಸಿಸ್ಸಿಪ್ಪಿಯದು ಮುಂದುವರಿದರೂ ಇಲ್ಲಿ ಹೆಚ್ಚು ನೀರು ತರುವುದು ಓಹೈಯೋ. ಎರಡೂ ಬಣ್ಣ ಬಹಳ ದೂರ ಬೇರೆಬೇರೆಯಾಗಿಯೇ ಹರಿಯುತ್ತಿದ್ದವು, ಹಕ್ ಕಂಡಂತೆಯೇ. ಮಗ ಫೋಟೊ ತೆಗೆದ.

ಭಾರತಕ್ಕೆ ಬಂದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬಳಿಂದ ಅವನ ನಂಬರು ಸಿಕ್ಕಿತು. ಈಗ ಅವನು ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ. ಫೋನ್ ಮಾಡಿ, ನೀನು ಹೀಗೆ ಕೇಳಿದ್ದೆ, ನಾನು ಹೀಗೆ ಹೇಳಿದ್ದೆ, ತಪ್ಪಾಯಿತಪ್ಪ ಎಂದೆ. ಕಾನೂನು, ಕಮಾನು, ಈಜುಕೊಳ, ಗೇಟಿನ ಹೊರಗಿನ ಫ್ಯೂಚರ್ ಸಿಟಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

“ಇರ್ಲಿ ಬಿಡ್ರಿ ಮೇಡಂ. ಉತ್ತರ ನನಗ ಗೊತ್ತಿತ್ರೀ. ನಿಮಗ ಗೊತ್ತೈತೇನಂತ ಕೇಳಿದ್ದೆ” ಅಂದ.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ಈಗ ಅಲ್ಲಿ ಎಷ್ಟ್ ಮಂದಿ ಅದಾರ್ರೀ?”

“1,733” ಎಂದೆ. ಆಮೇಲೆ, ಅದರಲ್ಲೊಬ್ಬರು ಗ್ರಂಥಾಲಯದಲ್ಲಿ ಕೂತು ಊರಿನ ಹೆಸರನ್ನು ಸರಿಯಾಗಿ ಹೇಳಿಕೊಡುತ್ತಾರೆ ಎಂದೆ.

“ಏನಂತಾರ್ರೀ?”

“ಕೇರೋ.”

“ಕೇರೋ” ಅಂತ ಅವನು ಒಂದು ಸಲ ಹೇಳಿ ನೋಡಿಕೊಂಡ. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ ಎಂದ.